ನಾಲ್ಕು ಬೋಲ್ಟಿನ ಕಾರು, ಐದು ಬೋಲ್ಟಿನ ಖರ್ಚು

ಹಳೆಯ ಕಾರಿಗೆ ಡಿಸ್ಕ್ ಬ್ರೇಕ್ ಹಾಕಿಸಲು ಹೊರಟವರು ಮೊದಲು ವಿಚಾರಿಸುವುದು ಕಿಟ್‌ನ ಬೆಲೆಯನ್ನು. ಅದಕ್ಕೂ ಮುಂಚೆ ತಿಳಿಯಬೇಕಾದದ್ದು ಇನ್ನೊಂದಿದೆ: ಚಕ್ರವನ್ನು ಹಬ್‌ಗೆ ಬಿಗಿಯುವ ಬೋಲ್ಟ್‌ಗಳು ಎಷ್ಟು, ಅವು ಕೂತಿರುವ ವೃತ್ತದ ವ್ಯಾಸ ಎಷ್ಟು. ಟೈರ್ ಅಂಗಡಿಯವರು ಪಿಸಿಡಿ ಎನ್ನುವ ಈ ಅಳತೆ ಪಟ್ಟಿಯ ಕೊನೆಯಲ್ಲಿ ಬರುವ ಚಿಲ್ಲರೆ ಬಾಬ್ತಿನಂತೆ ಕಾಣುತ್ತದೆ. ಆದರೆ ಒಟ್ಟು ಖರ್ಚು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಇದೇ. ಎಂಜಿನ್ ಬದಲಿಸುವ ಯೋಚನೆ ಇಲ್ಲದವರು, ಕಾರ್ಖಾನೆಯಿಂದ ಬಂದಾಗ ಇದ್ದಷ್ಟೇ ಬೋಲ್ಟ್‌ಗಳನ್ನು ಉಳಿಸಿಕೊಂಡು ಡಿಸ್ಕ್ ಹಾಕಿಸಬೇಕು, ಮಿಕ್ಕ ಹಣವನ್ನು ಬ್ರೇಕಿನ ಬೇರೆ ಭಾಗಗಳಿಗೆ ಸುರಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಫೋರ್ಡ್ ಮಸ್ಟಾಂಗ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1964ರ ಏಪ್ರಿಲ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ಕಾರು ಆರು ಸಿಲಿಂಡರ್ ಎಂಜಿನ್‌ನಲ್ಲೂ ವಿ8 ಎಂಜಿನ್‌ನಲ್ಲೂ ಸಿಗುತ್ತಿತ್ತು. ಹೊರಗಿನ ರೂಪ ಎರಡಕ್ಕೂ ಒಂದೇ, ಅಡಿಭಾಗ ಮಾತ್ರ ಬೇರೆ. ಆರು ಸಿಲಿಂಡರ್ ಕಾರಿನ ಚಕ್ರಕ್ಕೆ ನಾಲ್ಕು ಬೋಲ್ಟ್, ವಿ8ಕ್ಕೆ ಐದು. ಎರಡರಲ್ಲೂ ವೃತ್ತದ ವ್ಯಾಸ ನಾಲ್ಕೂವರೆ ಇಂಚು, ಅಂದರೆ 114.3 ಮಿಲಿಮೀಟರ್. ವ್ಯಾಸ ಒಂದೇ ಆದಮೇಲೆ ಒಂದು ಬೋಲ್ಟ್ ಸೇರಿಸಿದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಕೋನದ ಲೆಕ್ಕ ಹಾಗೆ ಹೇಳುವುದಿಲ್ಲ. ನಾಲ್ಕು ತೂತುಗಳ ನಡುವೆ 90 ಡಿಗ್ರಿ, ಐದರ ನಡುವೆ 72 ಡಿಗ್ರಿ. ಹಳೆಯ ಒಂದು ತೂತನ್ನು ಬಳಸಿಕೊಂಡು ಮಿಕ್ಕ ನಾಲ್ಕನ್ನು ಹೊಸದಾಗಿ ಕೊರೆದರೆ, ಎರಡು ಕಡೆ ಹೊಸ ತೂತು ಹಳೆಯದರಿಂದ ಬರೀ 18 ಡಿಗ್ರಿ ದೂರದಲ್ಲಿ ಬೀಳುತ್ತದೆ. ಆ ವೃತ್ತದ ಮೇಲೆ ಅದು ಸುಮಾರು 18 ಮಿಲಿಮೀಟರ್. ಅರ್ಧ ಇಂಚಿನ ಸ್ಟಡ್ ಎಂದಿಟ್ಟುಕೊಂಡರೆ ಎರಡು ತೂತುಗಳ ನಡುವೆ ಉಳಿಯುವ ಲೋಹ ಐದು ಮಿಲಿಮೀಟರ್ ಆಸುಪಾಸು. ಹಳೆಯ ಯಾವ ತೂತೂ ಬೇಡವೆಂದು ಐದನ್ನೂ ಹೊಸದಾಗಿ ಕೊರೆಯಹೊರಟರೆ, ಎಷ್ಟೇ ಜಾಣತನದಿಂದ ತಿರುಗಿಸಿಟ್ಟರೂ ಒಂದಾದರೂ ತೂತು ಹಳೆಯದರ ಒಂಬತ್ತು ಮಿಲಿಮೀಟರ್ ಒಳಗೇ ಬಂದು ಅದರೊಳಕ್ಕೆ ಸೇರಿಕೊಳ್ಳುತ್ತದೆ. ಅರವತ್ತು ವರ್ಷ ಹಳೆಯ ಹಬ್‌ನ ಮೇಲೆ ಲೇತ್ ಕೆಲಸದ ಅಗ್ಗದ ಕೂಲಿ ನೋಡಿ ಈ ಪ್ರಯೋಗಕ್ಕೆ ಕೈಹಾಕುವುದನ್ನು ನಾನು ಉಳಿತಾಯ ಎನ್ನಲಾರೆ.

ಅಡಾಪ್ಟರ್ ಇದೆಯಲ್ಲ ಎನ್ನುವವರಿದ್ದಾರೆ. ಹಬ್‌ಗೆ ನಾಲ್ಕು ನಟ್‌ಗಳಿಂದ ಬಿಗಿದು, ಅದರ ಮೇಲೆ ಐದು ಸ್ಟಡ್‌ಗಳಿಗೆ ಚಕ್ರ ಕೂರಿಸುವ ಲೋಹದ ಬಿಲ್ಲೆ ಅದು. ಬೆಲೆ ಕಡಿಮೆ, ಒಂದು ಮಧ್ಯಾಹ್ನದ ಕೆಲಸ. ಆದರೆ ಇಲ್ಲೂ ವೃತ್ತ ಒಂದೇ ಆದ್ದರಿಂದ ನಟ್ ಕೂರಬೇಕಾದ ಜಾಗಕ್ಕೆ ಪಕ್ಕದ ಸ್ಟಡ್ ಒತ್ತಿಕೊಂಡು ಬರುತ್ತದೆ, ಹಾಗಾಗಿ ಬಿಲ್ಲೆ ದಪ್ಪವಾಗಲೇಬೇಕು. 25 ಮಿಲಿಮೀಟರ್ ದಪ್ಪದ್ದು ಹಾಕಿದರೆ ಎರಡೂ ಬದಿ ಸೇರಿ ಚಕ್ರಗಳ ಅಂತರ 50 ಮಿಲಿಮೀಟರ್ ಹಿಗ್ಗುತ್ತದೆ. ಟೈರ್ ಮಡ್‌ಗಾರ್ಡ್‌ಗೆ ಉಜ್ಜುವ ಸಾಧ್ಯತೆ, ವೀಲ್ ಬೇರಿಂಗ್ ಮೇಲೆ ಹೆಚ್ಚುವ ಹೊರೆ, ಸ್ಟಿಯರಿಂಗ್‌ನ ಬದಲಾದ ವರ್ತನೆ, ಇವು ಬಿಲ್ಲಿನಲ್ಲಿ ಕಾಣದ ಖರ್ಚುಗಳು. ಹೊರಚಾಚಿದ ಚಕ್ರವನ್ನು ಒಳಗೆ ತರಲು ಬೇರೆ ಆಫ್‌ಸೆಟ್‌ನ ರಿಮ್ ಕೊಳ್ಳಬೇಕಾಗಿ ಬಂದರೆ ಮೂಗಿಗಿಂತ ಮೂಗುತಿ ಭಾರ.

ಮೂರನೆಯ ದಾರಿ ವಿ8ರ ಭಾಗಗಳನ್ನೇ ತಂದು ಕೂರಿಸುವುದು. ತಾಂತ್ರಿಕವಾಗಿ ಇದು ಸರಿಯಾದ ದಾರಿ, ಹಣದ ದೃಷ್ಟಿಯಿಂದ ಉದ್ದದ ದಾರಿ. ಮುಂದಿನ ಸ್ಪಿಂಡಲ್ ಬದಲಾದರೆ ಟೈ ರಾಡ್ ಎಂಡ್ ಬದಲಾಗಬೇಕು, ಏಕೆಂದರೆ ಆರು ಸಿಲಿಂಡರ್ ಕಾರಿನ ಸ್ಟಿಯರಿಂಗ್ ಜೋಡಣೆ ಸಣ್ಣದು. ಮುಂದೆ ಐದು ಬೋಲ್ಟ್ ಹಿಂದೆ ನಾಲ್ಕು ಎಂದಾದರೆ ಒಂದು ಸ್ಟೆಪ್ನಿ ಎರಡೂ ಕಡೆಗೆ ಆಗುವುದಿಲ್ಲ, ಆಗ ಹಿಂದಿನ ಆಕ್ಸಲ್ಲನ್ನೂ ಇಳಿಸಬೇಕು. ಆಕ್ಸಲ್ ಬದಲಾದರೆ ಪ್ರೊಪೆಲ್ಲರ್ ಶಾಫ್ಟ್‌ನ ಜೋಡಣೆ, ಹ್ಯಾಂಡ್‌ಬ್ರೇಕ್ ಕೇಬಲ್. ಕೊನೆಗೆ ಐದು ಹೊಸ ರಿಮ್. ಇಷ್ಟು ಬಾಬ್ತುಗಳಲ್ಲಿ ಕಾರು ಬೇಗ ನಿಲ್ಲುವಂತೆ ಮಾಡುವುದು ಮುಂದಿನ ಡಿಸ್ಕ್‌ಗಳು. ಮಿಕ್ಕ ಬಹುಪಾಲು ಹಣ ಬೋಲ್ಟ್‌ಗಳ ಸಂಖ್ಯೆ ಹೊಂದಿಸಲು ತೆತ್ತದ್ದು. ನಾಲ್ಕು ಬೋಲ್ಟ್ ಉಳಿಸಿಕೊಂಡು ಹಳೆಯ ಸ್ಪಿಂಡಲ್ ಮೇಲೇ ಕ್ಯಾಲಿಪರ್ ಕೂರಿಸುವ ಕಿಟ್‌ಗಳು ಸಿಗುತ್ತವೆ. 13 ಇಂಚಿನ ರಿಮ್ ಇರುವ ಕಾರಾದರೆ ಕ್ಯಾಲಿಪರ್‌ಗೆ ಜಾಗ ಸಾಲದೆ 14 ಇಂಚಿಗೆ ಹೋಗಬೇಕಾದೀತು, ಅಷ್ಟನ್ನು ಲೆಕ್ಕಕ್ಕೆ ಹಿಡಿದೂ ಇದು ಸಣ್ಣ ಪಟ್ಟಿಯೇ.

ನಾಲ್ಕು ಬೋಲ್ಟಿಗೆ ಚೆಂದದ ರಿಮ್‌ಗಳ ಆಯ್ಕೆ ಕಡಿಮೆ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಅದು ಅಂದದ ಬಜೆಟ್, ಅದನ್ನು ಸುರಕ್ಷತೆಯ ಹೆಸರಿನಲ್ಲಿ ಬರೆಯಬಾರದು. ಐದು ಬೋಲ್ಟ್ ಹೆಚ್ಚು ಗಟ್ಟಿ ಎಂಬುದೂ ನಿಜ. ಆ ಗಟ್ಟಿತನ ಬೇಕಿದ್ದದ್ದು ವಿ8ರ ತೂಕಕ್ಕೂ ಶಕ್ತಿಗೂ. ಹಗುರವಾದ ಎಂಜಿನ್‌ಗೆ ಸಾಕೆಂದೇ ಫೋರ್ಡ್ ನಾಲ್ಕನ್ನು ಕೊಟ್ಟಿತ್ತು. ಈ ಕಾರುಗಳ ನಿಜವಾದ ದೌರ್ಬಲ್ಯ ಬೇರೆಲ್ಲೋ ಇದೆ. 1966ರವರೆಗಿನ ಮಸ್ಟಾಂಗ್‌ಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ಸರ್ಕ್ಯೂಟ್‌ನ ಮಾಸ್ಟರ್ ಸಿಲಿಂಡರ್. ಎಲ್ಲೋ ಒಂದು ಹೋಸ್ ಒಡೆದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ, ಯಾವ ಚಕ್ರವೂ ಹಿಡಿಯುವುದಿಲ್ಲ. 1967ರ ಮಾದರಿಯಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ಪ್ರತ್ಯೇಕ ಸರ್ಕ್ಯೂಟ್ ಬಂತು. ಡ್ಯುಯಲ್ ಮಾಸ್ಟರ್ ಸಿಲಿಂಡರ್, ಹೊಸ ಹೋಸ್‌ಗಳು, ಹಿಂದಿನ ಡ್ರಮ್‌ಗೆ ಹೋಗುವ ಒತ್ತಡ ತಗ್ಗಿಸುವ ವಾಲ್ವ್, ಬೋಲ್ಟ್‌ಗಳ ಮೇಲೆ ಉಳಿಸಿದ ಹಣ ಹೋಗಬೇಕಾದದ್ದು ಇವಕ್ಕೆ.

ಮುಂದೆಂದಾದರೂ ವಿ8 ಎಂಜಿನ್ ಕೂರಿಸುವುದು ಖಂಡಿತ ಎನ್ನುವವರಿಗೆ ಮಾತ್ರ ಈ ಲೆಕ್ಕ ತಿರುಗುತ್ತದೆ. ಅವರು ನಾಲ್ಕು ಬೋಲ್ಟಿನ ಕಿಟ್‌ಗೆ ಒಂದು ಪೈಸೆಯನ್ನೂ ಹಾಕಬಾರದು. ಸ್ಪಿಂಡಲ್, ಸ್ಟಿಯರಿಂಗ್ ಜೋಡಣೆ, ಹಿಂದಿನ ಆಕ್ಸಲ್ ಮೂರನ್ನೂ ಒಂದೇ ಕಾರಿನಿಂದ ಕಳಚಿದ ಜೊತೆಯಾಗಿ ಕೊಳ್ಳಬೇಕು, ಅದು ಸಿಗುವವರೆಗೆ ಡ್ರಮ್ ಬ್ರೇಕನ್ನು ಹೊಸ ಲೈನಿಂಗ್ ಹಾಕಿ ಸುಸ್ಥಿತಿಯಲ್ಲಿಡಬೇಕು. ಆದರೆ ಡ್ಯುಯಲ್ ಸರ್ಕ್ಯೂಟ್‌ನ ಕೆಲಸವನ್ನು ಆವರೆಗೆ ಮುಂದೂಡುವಂತಿಲ್ಲ. ಡ್ರಮ್ ಬ್ರೇಕಿಗೆ ಹೊಂದುವಂಥದ್ದನ್ನು ಆಗಲೇ ಹಾಕಿಸಿಕೊಳ್ಳಬಹುದು.