ಆಕಾಶದ ಕದಿರು

ಗಿರಣಿಯ ಕದಿರು ನಿಮಿಷಕ್ಕೆ ಸುಮಾರು 15,000 ಸುತ್ತು, ಎಂದರೆ ಸೆಕೆಂಡಿಗೆ 250 ಸುತ್ತು ತಿರುಗುವುದನ್ನು ನಮ್ಮಲ್ಲಿ ಹಲವರು ಬಲ್ಲೆವು. ಸೆಕೆಂಡಿಗೆ 642 ಸುತ್ತು ತಿರುಗುವ ನಕ್ಷತ್ರವೊಂದುಂಟೆಂದರೆ ವಾಚಕರು ನಂಬುವರೇ? 1982ರಲ್ಲಿ ಅದನ್ನು ಕಂಡುಹಿಡಿದ ತಂಡದಲ್ಲಿ ಹುಬ್ಬಳ್ಳಿಯಲ್ಲಿ ಓದಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರಿದ್ದರು. ಆಗ ಅವರು ಅಮೆರಿಕದಲ್ಲಿ ವಿದ್ಯಾರ್ಥಿ.

ಇದು ನ್ಯೂಟ್ರಾನ್ ನಕ್ಷತ್ರ. ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿದ ತಿರುಳು. ಅಡ್ಡಗಲ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರು; ನಮ್ಮ ಅಮೀರ್‌ಪೇಟೆಯಿಂದ ಊರಾಚೆ ಹೋಗುವಷ್ಟು ದೂರ. ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು! ಅದೊಂದು ಪ್ರಚಂಡ ಅಯಸ್ಕಾಂತವೂ ಹೌದು. ಅಯಸ್ಕಾಂತ ತಿರುಗಿದರೆ ಡೈನಮೋದಲ್ಲಿ ವಿದ್ಯುತ್ತು ಹುಟ್ಟುವಂತೆ ಇಲ್ಲಿಯೂ ಹುಟ್ಟಿ, ಎಲೆಕ್ಟ್ರಾನುಗಳನ್ನು ಅತಿವೇಗದಿಂದ ಎಸೆಯುತ್ತದೆ. ಅವುಗಳಿಂದ ಗಾಮಾ ಕಿರಣ ಹೊಮ್ಮುತ್ತದೆ. ಒಳಗೆ ಉರುವಲಿಲ್ಲ, ಖರ್ಚಾಗುವುದು ತಿರುಗುವ ಶಕ್ತಿಯೇ. ಆದ್ದರಿಂದ ವೇಗ ಮೆಲ್ಲಮೆಲ್ಲನೆ ಕುಗ್ಗುತ್ತದೆ.

ಹಾಗಾದರೆ ಮುದಿ ನಕ್ಷತ್ರಕ್ಕೆ ಇಷ್ಟು ವೇಗ ಎಲ್ಲಿಂದ ಬಂತು? ಜೊತೆಗಿದ್ದ ನಕ್ಷತ್ರದ ದ್ರವ್ಯ ಸುತ್ತುತ್ತ ಬಂದು ಬಿದ್ದು, ಪಟ್ಟಿ ಚಕ್ರವನ್ನು ಎಳೆದಂತೆ ಅದನ್ನು ಮತ್ತೆ ತಿರುಗಿಸಿತೆಂದು ಅದೇ ವರ್ಷ ವಿವರಿಸಿದವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಇದ್ದರು.

2008ರಲ್ಲಿ ಹಾರಿಸಿದ ಫರ್ಮಿ ಉಪಗ್ರಹ ಇಂಥ ಹಲವು ನಕ್ಷತ್ರಗಳ ಗಾಮಾ ಕಿರಣವನ್ನು ಕಂಡಿದೆ. ಆಕಾಶಗಂಗೆಯ ನಡುವಿನಿಂದಲೂ ಲೆಕ್ಕಕ್ಕೆ ಮೀರಿದ ಗಾಮಾ ಬೆಳಕು ಬರುತ್ತಿದೆ. ಬಿಡಿಯಾಗಿ ಕಾಣದ ಸಾವಿರಾರು ಕದಿರುಗಳ ಒಟ್ಟು ಬೆಳಕು ಅದೆಂದು ಕೆಲವರು. ಕಣ್ಣಿಗೆ ಬೀಳದ ಬೇರೊಂದು ದ್ರವ್ಯದ ಸುಳಿವೆಂದು ಕೆಲವರು. ತೀರ್ಪು ಇನ್ನೂ ಬಂದಿಲ್ಲ. ಎರಡೂ ಪಕ್ಷದ ವಾದವನ್ನು ತಿಳಿದಿರುವುದು ನಮಗೆ ಲೇಸು.