35 ಬಂದರೆ ಪಾಸು

ಡಾಕ್ಟರು ‘ಹಾರ್ಟ್ ಫೇಲ್ಯೂರ್’ ಎಂದ ಕೂಡಲೇ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಮ್ಮ ಕಡೆ ‘ಹಾರ್ಟ್ ಫೇಲಾಯ್ತು’ ಅಂದರೆ ಆಸಾಮಿ ಹೋದ ಅಂತಲೇ ಅರ್ಥ. ಆದರೆ ಅಪ್ಪ ಎದುರಿಗೇ ಕೂತು ಎಕೋ ರಿಪೋರ್ಟ್ ಓದುತ್ತಿದ್ದರು. ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಪಂಪಿಂಗ್ 35 ಎಂದಿದ್ದನ್ನು ನೋಡಿ, “ಜಸ್ಟ್ ಪಾಸು” ಎಂದರು.

ನಾನು ನೂರಕ್ಕೆ 35 ಎಂದು ಹೆದರಿದ್ದೆ. ತುಂಬಿದ ಹೃದಯ ಒಂದು ಬಡಿತಕ್ಕೆ ಹೊರದೂಡುವ ರಕ್ತದ ಪಾಲು ಅದು. ಗಟ್ಟಿಮುಟ್ಟಾದವರಲ್ಲೂ ಸುಮಾರು 55ರಿಂದ 70 ಅಷ್ಟೇ. 50 ದಾಟಿದ್ದರೂ, ಹೃದಯದ ಗೋಡೆ ಬಿಗಿದು ರಕ್ತ ಸರಿಯಾಗಿ ತುಂಬಿಕೊಳ್ಳದಿದ್ದರೆ ಹೃದಯ ವೈಫಲ್ಯ ಬರಬಹುದು.

ಕಾಯಿಲೆ ಎಷ್ಟು ಜೋರಾಗಿದೆ ಎಂದು ತಿಳಿಯಲು ಡಾಕ್ಟರು ಕೇಳಿದ್ದೇ ಬೇರೆ: “ಸ್ನಾನ ಮಾಡುವಾಗ ಏದುಸಿರು ಬರುತ್ತಾ ಮೇಷ್ಟ್ರೇ? ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?” ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ 1928ರಲ್ಲಿ ತಂದ ಅಳತೆಯಂತೆ ಇದಕ್ಕೆ ನಾಲ್ಕು ಕ್ಲಾಸು. ದಿನದ ಕೆಲಸಕ್ಕೇನೂ ತೊಂದರೆಯಿಲ್ಲದವರು ಒಂದನೇ ಕ್ಲಾಸು. ಮಹಡಿ ಹತ್ತಿದರೆ ದಣಿಯುವವರು ಎರಡು. ಅಂಗಿ ತೊಡುವುದಕ್ಕೇ ಉಸಿರು ಸಾಲದಿದ್ದರೆ ಮೂರು. ಸುಮ್ಮನೆ ಕೂತಾಗಲೂ ಏದುಸಿರಾದರೆ ನಾಲ್ಕು.

ಅಪ್ಪ ಮೂರನೇ ಕ್ಲಾಸಿನಲ್ಲಿದ್ದರು. ಎಲ್ಲವೂ ನಮ್ಮ ಕಣ್ಣೆದುರೇ ನಡೆದಿತ್ತು. ಮಲಗಿದರೆ ಉಸಿರು ಕಟ್ಟಿ ಎರಡು ದಿಂಬು ಮೂರಾಗಿತ್ತು. ಚಪ್ಪಲಿ ಬಿಗಿಯಾಗುತ್ತದೆ ಎಂದಾಗ ನಾನು ದೊಡ್ಡ ಸೈಜಿನದು ತಂದುಕೊಟ್ಟೆನೇ ಹೊರತು, ಕಾಲು ಒತ್ತಿ ನೋಡಲಿಲ್ಲ. ಡಾಕ್ಟರು ಹೆಬ್ಬೆರಳಿಂದ ಒತ್ತಿದ ಕಡೆ ಗುಳಿ ಹಾಗೇ ಉಳಿಯಿತು.

ಮಾತ್ರೆ ಶುರುವಾಯಿತು, ಉಪ್ಪಿನಕಾಯಿ ಜಾಡಿ ಅಟ್ಟ ಸೇರಿತು. ದಿನಾ ಬೆಳಿಗ್ಗೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ಅಪ್ಪನದು. ಒಂದು ಗೃಹಪ್ರವೇಶದ ಊಟವಾದ ಮೇಲೆ ಮೂರೇ ದಿನಕ್ಕೆ ಎರಡು ಕೆ.ಜಿ. ಏರಿತು. ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಅಂದೇ ಫೋನ್ ಮಾಡಿದ್ದರಿಂದ ಆಸ್ಪತ್ರೆ ಸೇರುವುದು ತಪ್ಪಿತು.

ಆರು ತಿಂಗಳಿಗೆ ಅಪ್ಪ ಎರಡನೇ ಕ್ಲಾಸಿಗೆ ಬಂದರು. “ಹಿಂದಿನ ಕ್ಲಾಸಿಗೆ ಹಾಕಿ ಬಡ್ತಿ ಅನ್ನೋ ಸ್ಕೂಲು ಇದೊಂದೇ” ಎಂದು ನಕ್ಕರು. ಪಂಪಿಂಗ್ ಮಾತ್ರ 38. ಇನ್ನು ಮಾತ್ರೆ ನಿಲ್ಲಿಸಬಹುದೇ ಎಂದು ಕೇಳಿದೆ. ಡಾಕ್ಟರು ಕೂಡದೆಂದು ತಲೆಯಾಡಿಸಿದರು: ಕ್ಲಾಸು ಏರಿಳಿಯುತ್ತದೆ, ಆದರೆ ಎ ಯಿಂದ ಡಿ ವರೆಗೆ ಹಂತಗಳೆಂಬ ಇನ್ನೊಂದು ಲೆಕ್ಕವಿದೆ, ಅದು ಹಿಂದಕ್ಕೆ ಹೋಗುವುದಿಲ್ಲ. ಒಮ್ಮೆ ಲಕ್ಷಣ ಕಂಡ ಮೇಲೆ ‘ಸಿ’; ಎಷ್ಟೇ ಆರಾಮಾಗಿದ್ದರೂ ಅದು ‘ಸಿ’ಯೇ.

“ಹೇಗಿದ್ದೀರಪ್ಪ?” ಎಂದರೆ ಅವರ ಉತ್ತರ ಯಾವತ್ತೂ “ಚೆನ್ನಾಗಿದೀನಿ.” ಮೂರನೇ ಕ್ಲಾಸಿನಲ್ಲಿದ್ದಾಗಲೂ ಅದೇ. ಹಾಗಾಗಿ ಈಗ ಕೇಳುವುದು ಬಿಟ್ಟಿದ್ದೇನೆ. ಬೆಳಿಗ್ಗೆ ಹಾಸಿಗೆ ಮಡಿಸುವಾಗ ದಿಂಬು ಎಣಿಸುತ್ತೇನೆ.