ಸೈಟು ನಿಮ್ಮದು, ಸಾಲ ಯಾರದೋ

2023ರಲ್ಲಿ ಬೆಂಗಳೂರಿನ ಹಲವರ ಖಾತೆಗಳಿಂದ ಒಟಿಪಿಯೇ ಬಾರದೆ ಹಣ ಮಾಯವಾಯಿತು. ಅವರಲ್ಲಿ ಅನೇಕರು ಆಸ್ತಿ ನೋಂದಣಿ ಮಾಡಿಸಿದ್ದವರು. ನೋಂದಣಿ ಪತ್ರಗಳಿಂದ ಬೆರಳಚ್ಚು, ಆಧಾರ್ ಸಂಖ್ಯೆ ಕದ್ದಿರಬೇಕೆಂಬ ಜಾಡು ಹಿಡಿದು ಪೊಲೀಸರು ತನಿಖೆ ನಡೆಸಿದರು.

ಖಾತೆಯ ಹಣ ಹೋದರೆ ಮೊಬೈಲಿಗೆ ಸಂದೇಶವಾದರೂ ಬರುತ್ತದೆ. ಸೈಟೇ ಅಡ ಬಿದ್ದರೆ?

ವೈಟ್‌ಫೀಲ್ಡ್ ಕಡೆ ಸೈಟು ಕೊಂಡು ವಿದೇಶದಲ್ಲಿ ನೆಲೆಸಿದವರೇ ವಂಚಕರಿಗೆ ಸುಲಭದ ತುತ್ತು. ಕ್ರಯಪತ್ರದ ಪ್ರತಿ, ಬೇರೆಯವರ ಫೋಟೊ ಅಂಟಿಸಿದ ಆಧಾರ್, ಒಂದು ನಕಲಿ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಇದ್ದರೆ ‘ಮಾಲೀಕ’ ಸಿದ್ಧ. ಸೈಟು ಅಡವಿಟ್ಟು ಪಡೆದ ಸಾಲದ ಹಣ ಕೈಸೇರಿದ ಮೇಲೆ ಆತ ನಾಪತ್ತೆ. ನೋಟಿಸ್ ಮಾತ್ರ ಅಸಲಿ ಮಾಲೀಕರ ವಿಳಾಸಕ್ಕೆ. ಸುಳ್ಳು ವ್ಯಕ್ತಿಯಾಗಿ ನೋಂದಣಿಗೆ ನಿಂತರೆ 1908ರ ನೋಂದಣಿ ಕಾಯ್ದೆಯಡಿ ಏಳು ವರ್ಷದವರೆಗೆ ಜೈಲುಂಟು, ನಿಜ. ಆದರೆ ಮೊದಲು ಆತ ಸಿಗಬೇಕಲ್ಲ!

ಇನ್ನು ಹೆಸರನ್ನು ತಾವೇ ಮಾರಿಕೊಳ್ಳುವವರ ಕಥೆ. ‘ಸಾಲ ನಿನ್ನ ಹೆಸರಲ್ಲಿರಲಿ, ಕಂತು ನಾವು ಕಟ್ಟುತ್ತೇವೆ’ ಎಂದು ಯಾರಾದರೂ ಪೀಣ್ಯದ ಕಾರ್ಮಿಕನ ಪ್ಯಾನ್, ಸಂಬಳದ ಚೀಟಿ ಕೇಳಿದರೆ ಕೊಡಬಾರದು. ಕಂತು ನಿಂತ ದಿನ ಬ್ಯಾಂಕು ಹುಡುಕುವುದು ಸಹಿ ಹಾಕಿದವನನ್ನೇ.

ಮಾಡಬೇಕಾದದ್ದು ಕಷ್ಟದ್ದಲ್ಲ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. ಗುರುತಿಗೆ ಸಂಖ್ಯೆ ಮರೆಮಾಡಿದ (ಮಾಸ್ಕ್) ಆಧಾರ್ ಪ್ರತಿ ಕೊಡಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆಗಾಗ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಆದರೆ ನೋಂದಣಿಯಾಗದ ಅಡಮಾನ ಅದರಲ್ಲಿ ಕಾಣದು. ಅದಕ್ಕೆಂದೇ 2011ರಲ್ಲಿ ಆರಂಭವಾದ ಸೆರ್ಸಾಯ್ ಎಂಬ ಅಡಮಾನಗಳ ಕೇಂದ್ರ ದಾಖಲೆಯಿದೆ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ದೇಶದ ನಾಲ್ಕು ಕ್ರೆಡಿಟ್ ಮಾಹಿತಿ ಸಂಸ್ಥೆಗಳೂ ವರ್ಷಕ್ಕೊಮ್ಮೆ ನಿಮ್ಮ ಸಾಲಗಳ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅದರಲ್ಲಿ ಅಪರಿಚಿತ ಗೃಹಸಾಲ ಕಂಡರೆ ಅದೇ ದಿನ ಬ್ಯಾಂಕಿಗೆ, ಕ್ರೆಡಿಟ್ ಸಂಸ್ಥೆಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದು, ಪೊಲೀಸ್ ಠಾಣೆಗೆ ಹೋಗಿ.